ಮೇಲ್ಮಹಡಿಯ ಕೋಣೆಗೆ ಯಾವ ಎ.ಸಿ. ಸೂಕ್ತ?

ಪ್ರಶ್ನೆ: ಕಲಬುರಗಿಯ ನಮ್ಮ ಮನೆಯಲ್ಲಿ, ತಾಯಿಯವರು ಮಲಗುವ 12×12 ಅಡಿಯ ಮೇಲ್ಮಹಡಿ ಕೋಣೆಯ ತಾರಸಿ ಹಗಲೆಲ್ಲ ಕಾದು ರಾತ್ರಿಯೂ ಬಿಸಿಯುಗುಳುವುದರಿಂದ ಅವರಿಗೆ ನಿದ್ದೆಯೇ ಬರುತ್ತಿಲ್ಲ. ಮೂರು ಸ್ಟಾರ್‌ನ 1 ಟನ್ ಎ.ಸಿ. ಸಾಕೇ, ಐದು ಸ್ಟಾರ್‌ನ 1.5 ಟನ್ ಬೇಕೇ?

ಉತ್ತರ: ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಸಾಮರ್ಥ್ಯ. ನೆಳಲಿರುವ ಕೆಳಮಹಡಿಯಾಗಿದ್ದರೆ ಅಷ್ಟು ಸಾಕಿತ್ತು. ಬಿಸಿಲು ನೇರವಾಗಿ ಬೀಳುವ ತಾರಸಿಯ ಕೆಳಗೆ ಬೇಸಿಗೆಯಲ್ಲಿ ಅದು ಬಿಡುವಿಲ್ಲದೆ ದುಡಿಯಬೇಕಾಗುತ್ತದೆ. ಆದ್ದರಿಂದ 1.5 ಟನ್‌ನ ಇನ್ವರ್ಟರ್ ಎ.ಸಿ.ಯನ್ನೇ ಆರಿಸಿ, ಕೋಣೆ ತಂಪಾದ ಮೇಲೆ ಅದರ ಕಂಪ್ರೆಸರ್ ನಿಲ್ಲದೆ ವೇಗವನ್ನಷ್ಟೇ ತಗ್ಗಿಸಿಕೊಳ್ಳುತ್ತದೆ. ಸ್ಟಾರ್‌ಗಳನ್ನಷ್ಟೇ ಎಣಿಸದೆ ಲೇಬಲ್‌ನ ಐಸೀರ್ (ಬಳಸಿದ ವಿದ್ಯುತ್ತಿಗೆ ಎಷ್ಟು ತಂಪು ಸಿಗುತ್ತದೆಂಬ ಅಳತೆ) ಅಂಕಿಯನ್ನೂ ನೋಡಿ, ಏಕೆಂದರೆ 2022ರ ಜುಲೈಯಲ್ಲಿ ಮಾನದಂಡ ಬಿಗಿಯಾದುದರಿಂದ ಅದಕ್ಕೂ ಹಿಂದಿನ ದಾಸ್ತಾನಿನ ಐದು ಸ್ಟಾರ್ ಇಂದಿನದಕ್ಕೆ ಸಮವಲ್ಲ.

ಇನ್ನೊಂದು ಉತ್ತರ: ಲೇಬಲ್‌ನಲ್ಲಿರುವ ವಾರ್ಷಿಕ ಯೂನಿಟ್‌ಗಳನ್ನು 1600 ಗಂಟೆಗಳ ಬಳಕೆಗೆ ಲೆಕ್ಕ ಹಾಕಿರುತ್ತಾರೆ. ನಿಮ್ಮೂರಿನಲ್ಲಿ ಬೇಸಿಗೆ ದೀರ್ಘವಾದುದರಿಂದ ಐದು ಸ್ಟಾರ್‌ನ ಹೆಚ್ಚುವರಿ ಬೆಲೆ ಬೇಗ ಮರಳುತ್ತದೆ. ಆದರೆ ದಯವಿಟ್ಟು ಮೊದಲು ತಾರಸಿಗೆ ಬಿಳಿ ಸುಣ್ಣವನ್ನಾದರೂ ಬಳಿಸಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಈ ವಾರವೇ ಸುಣ್ಣ ಬಳಿಸಿ, ನಂತರ ಅಂಗಡಿಗೆ ಹೋಗುತ್ತೇನೆ.