ಸಹಾಯ ಬೇಕು: ಪೆನ್‌ಡ್ರೈವ್‌ನಲ್ಲಿರುವ ಟಾರ್ ಬ್ರೌಸರ್ ಕನೆಕ್ಟ್ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಬಿ.ಎಚ್. ರಸ್ತೆ ಕಡೆಯ ಒಂದು ಸೈಬರ್ ಸೆಂಟರೇ ಗತಿ. ಹೋದ ವಾರ ಅಲ್ಲಿ ಒಂದು ಕಾಯಿಲೆ ಬಗ್ಗೆ ಹುಡುಕಿದ್ದೆ. ಮಾರನೇ ದಿನ ಅಂಗಡಿಯವರು "ಏನಣ್ಣಾ, ಮನೇಲಿ ಯಾರಿಗೆ ಹುಷಾರಿಲ್ಲ?" ಅಂದರು. ಪಾಪ, ಕಾಳಜಿಯಿಂದಲೇ ಕೇಳಿದ್ದು. ಆದರೂ ಮುಜುಗರವಾಯಿತು.

ಅದಕ್ಕೇ ಟಾರ್ ಬ್ರೌಸರನ್ನು (ನಾವು ಯಾವ ಸೈಟ್ ನೋಡುತ್ತಿದ್ದೇವೆ ಅನ್ನುವುದನ್ನು ಮರೆಮಾಡುವ ಬ್ರೌಸರ್) 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಫೋಲ್ಡರ್‌ನಿಂದಲೇ ಓಡುತ್ತದೆ, ಮುಚ್ಚಿದರೆ ಹಿಸ್ಟರಿ ಉಳಿಯುವುದಿಲ್ಲ. ನಮ್ಮ ಸಂಪರ್ಕ ಬೇರೆ ಬೇರೆ ಮೂರು ಕಂಪ್ಯೂಟರ್ ಸುತ್ತಿ ಹೋಗುವುದರಿಂದ ನಿಧಾನ, ಅದು ಗೊತ್ತು. ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ನಡೆಯಿತು. ಸೆಂಟರ್‌ನ ಮೂಲೆ ಸಿಸ್ಟಮ್‌ನಲ್ಲಿ ಮಾತ್ರ ಕನೆಕ್ಟ್ ಆಗುವ ಪಟ್ಟಿ ಅರ್ಧಕ್ಕೇ ನಿಂತುಬಿಡುತ್ತದೆ. ನೋಡಿದರೆ ಅದರ ಗಡಿಯಾರ ಎರಡು ದಿನ ಹಿಂದಿದೆ! ಟೈಮ್ ತಪ್ಪಿದ್ದರೆ ಟಾರ್ ಸೇರಿಕೊಳ್ಳುವುದಿಲ್ಲ ಅಂತ ಓದಿದ್ದೆ. ಸರಿ ಮಾಡೋಣ ಅಂದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ.

ಬ್ರಿಡ್ಜ್ (ಟಾರ್‌ಗೆ ತಡೆ ಇದ್ದಾಗ ಸೇರಿಕೊಳ್ಳಲು ಬಳಸುವ ಬೇರೆ ದಾರಿ) ಹಾಕಿದರೆ ಆಗುತ್ತದಾ, ಇಲ್ಲ ಅಂಗಡಿಯವರಿಗೇ ಹೇಳಿ ಟೈಮ್ ಸರಿ ಮಾಡಿಸಬೇಕಾ? ಇನ್ನೊಂದು, ಕೀಲಿ ಒತ್ತಿದ್ದನ್ನೆಲ್ಲ ಬರೆದಿಡುವ ಸಾಫ್ಟ್‌ವೇರ್ ಆ ಸಿಸ್ಟಮ್‌ನಲ್ಲೇ ಇದ್ದರೆ ಟಾರ್ ಇದ್ದೂ ಸುಮ್ನೆ ಅಲ್ವಾ? ಅದನ್ನು ಹೇಗೆ ಪತ್ತೆ ಮಾಡುವುದು?

ಗೊತ್ತಿದ್ದವರು ತಿಳಿಸಿ. "ಏನು ಕಳ್ಳ ಕೆಲಸಕ್ಕಾ?" ಅಂತ ಮಾತ್ರ ಕೇಳಬೇಡಿ, ನಮ್ಮ ತಮ್ಮ ಆಗಲೇ ಕೇಳಿಯಾಯಿತು.