ಅಮ್ಮನ ತಿಥಿಯ ಹಣ: ಪುಟ್ಟನಿಗೂ ಅಣ್ಣನಿಗೂ ಉತ್ತರ

ಪುಟ್ಟಾ, ಅಣ್ಣಾ, ಇಬ್ಬರೂ ಕೇಳಿ. ಟೈಪ್ ಮಾಡುತ್ತಾ ಕುಳಿತರೆ ನನಗೆ ಸಂಜೆಯಾಗಿಬಿಡುತ್ತದೆ, ಬಾಯಲ್ಲೇ ಹೇಳುತ್ತೇನೆ. ಅಮ್ಮನ ವರ್ಷದ ತಿಥಿಗೆ ನಮ್ಮ ಬಡಾವಣೆಯ ವಸತಿರಹಿತರ ಆಶ್ರಯ ಕೇಂದ್ರದಲ್ಲಿ ಹೋಳಿಗೆ ಊಟ ಹಾಕಿಸೋಣ ಎಂದು ಪುಟ್ಟ ನಮ್ಮ ಮನೆಯವರ ಈ ಗ್ರೂಪಿನಲ್ಲಿ ಬರೆದಿದ್ದಾನೆ. ಅದಕ್ಕೆ ಅಣ್ಣ, ದುಡಿಯದವರಿಗೆ ಊಟ ಯಾಕೆ, ಆಸ್ತಿ ತೆರಿಗೆಯ ಜೊತೆ ಭಿಕ್ಷುಕರ ಕರ ಕಟ್ಟುತ್ತಿಲ್ಲವೇ ಎಂದು ಕೇಳಿದ್ದಾನೆ.

ಅಣ್ಣಾ, ಆಸ್ತಿ ತೆರಿಗೆಯ ಮೇಲಿನ ಆ ಶೇಕಡಾ 3 ಹೋಗುವುದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಡೆಯುವ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ. ಮಾಗಡಿ ರಸ್ತೆಯದು ನಿನಗೆ ಗೊತ್ತೇ ಇದೆ. ಬೇಡುವವರನ್ನು ಹಿಡಿದು ತಂದು ಇರಿಸುವ ಜಾಗ ಅದು. ನಮ್ಮ ಬೀದಿಯ ಕೇಂದ್ರಕ್ಕೆ ಜನ ತಾವಾಗಿ ಬರುತ್ತಾರೆ, ಮಲಗುತ್ತಾರೆ, ಎದ್ದು ಕೆಲಸಕ್ಕೆ ಹೋಗುತ್ತಾರೆ. ಹೌದು, ಕೆಲಸಕ್ಕೆ! ಮಾರುಕಟ್ಟೆಯಲ್ಲಿ ಮೂಟೆ ಹೊರುವವರು, ಕಲ್ಯಾಣ ಮಂಟಪಗಳಲ್ಲಿ ಪಾತ್ರೆ ತೊಳೆಯುವವರು. ನಿನ್ನ ಮಗಳ ಮದುವೆಯಲ್ಲಿ ಮೂರು ಪಂಕ್ತಿಯ ಎಲೆ ಎತ್ತಿದವರು ಆ ರಾತ್ರಿ ಎಲ್ಲಿ ಮಲಗಿದರು ಎಂದು ನಾವು ಯಾರಾದರೂ ಕೇಳಿದೆವಾ? ದಿನಗೂಲಿಯಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೂಡಿಸಿ ಬೆಂಗಳೂರಿನಲ್ಲಿ ಕೋಣೆ ಹಿಡಿಯುವುದು ಆಗುವ ಮಾತೇ?

ಇದು ಯಾರದೋ ದಯೆಯ ವಿಷಯವೂ ಅಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟ ಮೇಲೆ, ನಗರದ ಪ್ರತಿ 1 ಲಕ್ಷ ಜನಸಂಖ್ಯೆಗೆ 100 ಜನರ ಒಂದು ಆಶ್ರಯ ಎನ್ನುವುದು ಸರ್ಕಾರದ್ದೇ ಲೆಕ್ಕ. 2011ರ ಜನಗಣತಿ ಹಿಡಿದರೂ ಬೆಂಗಳೂರಿಗೆ 80ಕ್ಕಿಂತ ಹೆಚ್ಚು ಕೇಂದ್ರ ಬೇಕು. ಅಷ್ಟಿಲ್ಲ. ಇರುವುದನ್ನಾದರೂ ನೆಟ್ಟಗೆ ನಡೆಸಿಕೊಳ್ಳೋಣ.

ಇನ್ನು ಹೋಳಿಗೆ. ಪುಟ್ಟಾ, ನಿನ್ನ ಮನಸ್ಸು ದೊಡ್ಡದು, ಆದರೆ ಭಾನುವಾರ, ಹಬ್ಬ, ಹುಟ್ಟುಹಬ್ಬ ಬಂತೆಂದರೆ ಅಲ್ಲಿ ಊಟ ಕೊಡುವವರದೇ ಸಾಲು. ಒಂದೇ ಮಧ್ಯಾಹ್ನ ಎರಡು ಕಡೆಯಿಂದ ಪುಳಿಯೋಗರೆ ಬಂದು ಸಂಜೆಗೆ ಹಳಸಿದ್ದನ್ನು ನಾನೇ ನೋಡಿದ್ದೇನೆ. ಕೊಟ್ಟವರು ಫೋಟೊ ತೆಗೆದುಕೊಂಡು ಹೋದರು, ಪಾತ್ರೆ ಉಜ್ಜಿದವರು ಅಲ್ಲಿಯವರು. ವಾರದ ನಡುವೆ ಯಾರೂ ಇಣುಕುವುದಿಲ್ಲ. ಆಗ 10 ರೂಪಾಯಿಗೆ ಇಂದಿರಾ ಕ್ಯಾಂಟೀನಿನಲ್ಲಿ ಉಂಡು ಬರುತ್ತಾರೆ.

ಅಲ್ಲಿ ನೋಡಿಕೊಳ್ಳುವ ಹೆಣ್ಣುಮಗಳನ್ನು ಏನು ಬೇಕಮ್ಮ ಎಂದು ಕೇಳಿದೆ. ಒಂದು ಬಟ್ಟೆ ಒಗೆಯುವ ಯಂತ್ರ ಎಂದಳು. ಕಂಬಳಿ ಎಲ್ಲರೂ ಕೊಡುತ್ತಾರೆ, ಒಗೆಯುವವರಿಲ್ಲ. ಒಬ್ಬನಿಗೆ ಕಜ್ಜಿ ಬಂದರೆ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತದೆ. ಆಮೇಲೆ ಬೀಗ ಹಾಕುವ ಪೆಟ್ಟಿಗೆಗಳು. ಪಾದಚಾರಿ ಮಾರ್ಗದಲ್ಲಿ ಮಲಗಿದ್ದಾಗ ಚೀಲ ಕಳೆದುಕೊಂಡವರೇ ಅಲ್ಲಿ ಹೆಚ್ಚು. ಚೀಲದ ಜೊತೆ ಆಧಾರ್ ಹೋಯಿತು, ಪಡಿತರ ಚೀಟಿ ಹೋಯಿತು. ಅರವತ್ತೈದು ದಾಟಿದ ಒಬ್ಬ ಅಜ್ಜಿ ಇದ್ದಾಳೆ, ಸಂಧ್ಯಾ ಸುರಕ್ಷಾ ಪಿಂಚಣಿ ಸಿಗಬೇಕಾದವಳು. ಒಂದು ಕಾಗದವೂ ಕೈಯಲ್ಲಿಲ್ಲ. ಆಶ್ರಯ ಕೇಂದ್ರದ ಮುಖ್ಯಸ್ಥರು ಬರೆದುಕೊಟ್ಟ ಪ್ರಮಾಣಪತ್ರವನ್ನು ಆಧಾರ್‌ಗೆ ವಿಳಾಸದ ದಾಖಲೆಯಾಗಿ ಒಪ್ಪುತ್ತಾರೆ, ಆದರೆ ಅರ್ಜಿ ತುಂಬಿ, ಜೊತೆಗೆ ಹೋಗಿ, ಸರದಿಯಲ್ಲಿ ನಿಲ್ಲುವವರು ಬೇಕಲ್ಲ.

ಅಣ್ಣಾ, ಇಲ್ಲೇ ನೀನು ಬೇಕು. ಮೂವತ್ತು ವರ್ಷ ಕಂದಾಯ ಇಲಾಖೆಯಲ್ಲಿ ಊರವರ ಅರ್ಜಿಗಳಲ್ಲಿ ತಪ್ಪು ಹುಡುಕಿದವನು ನೀನು, ಯಾವ ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಣ ಕೊಡುವುದು ಬೇಡ, ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಾ. ದುಡಿಯದವರು ಕಂಡರೆ ನನಗೂ ತೋರಿಸು.

ತಿಥಿ ಮನೆಯಲ್ಲೇ ಮಾಡೋಣ, ಪುರೋಹಿತರಿಗೆ ಹೇಳಿಯಾಗಿದೆ. ಊಟಕ್ಕೆಂದು ಕೂಡಿಸುವ ಹಣದಲ್ಲಿ ಯಂತ್ರ ಕೊಳ್ಳೋಣ, ಮಿಕ್ಕಿದರೆ ಪೆಟ್ಟಿಗೆ. ಪುಟ್ಟಾ, ನೀರಿನ ಸಂಪರ್ಕ, ವಿದ್ಯುತ್ತಿನ ವ್ಯವಸ್ಥೆ ಅಲ್ಲಿದೆಯೇ ಎಂದು ನೀನು ಮೊದಲು ನೋಡಿ ಬಾ. ಚಿಕ್ಕಮ್ಮ ಹಳೆಯ ರೇಷ್ಮೆ ಸೀರೆಗಳನ್ನು ಕಟ್ಟಿಡುತ್ತಿದ್ದಾಳಂತೆ, ಬೇಡ ಎಂದು ಹೇಳಿಬಿಡು. ಇರುವವರಲ್ಲಿ ಹೆಚ್ಚಿನವರು ಗಂಡಸರು, ಬೇಕಿರುವುದು ಲುಂಗಿ, ಒಳಉಡುಪು, ಅದೂ ಹೊಸದು. ಹಣವನ್ನು ನನಗೆ ಕಳುಹಿಸಬೇಡಿ, ಪುಟ್ಟನಿಗೆ ಕಳುಹಿಸಿ, ಲೆಕ್ಕ ಅವನೇ ಇಲ್ಲಿ ಹಾಕುತ್ತಾನೆ.