ಹಳೆಯ ಔಟ್‌ಬೋರ್ಡ್ ಮೋಟಾರ್: ಪಾಯಿಂಟ್ ಬದಲಿಸಿದ ಮೇಲೆ ಟೈಮಿಂಗ್ ಸರಿಹೋಗುತ್ತಿಲ್ಲ

ಪ್ರಶ್ನೆ:
ಎರಡು ಸಿಲಿಂಡರಿನ ಹಳೆಯ ಜಾನ್ಸನ್ ಟೂ-ಸ್ಟ್ರೋಕ್ ದೋಣಿ ಮೋಟಾರ್. ಫ್ಲೈವೀಲ್ ಕೆಳಗೆ ಮ್ಯಾಗ್ನೆಟೊ (ಕಿಡಿಗೆ ವಿದ್ಯುತ್ ಕೊಡುವ ಭಾಗ), ಸಿಲಿಂಡರಿಗೊಂದು ಪಾಯಿಂಟ್ ಸೆಟ್ (ತೆರೆದಾಗ ಕಿಡಿ ಹಾರಿಸುವ ಸ್ವಿಚ್). ಎರಡನ್ನೂ ಹೊಸದು ಹಾಕಲಾಗಿದೆ. ಈಗ ಹಗ್ಗ ಎಳೆದರೆ ಒಮ್ಮೊಮ್ಮೆ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಹೋಗುತ್ತದೆ, ಐಡ್ಲಿಂಗ್ ಏರುಪೇರು. ಎರಡೂ ಪ್ಲಗ್‌ಗಳಲ್ಲಿ ಕಿಡಿ ಇದೆ. ಮ್ಯಾಗ್ನೆಟೊ ಪ್ಲೇಟ್ ತಿರುಗಿಸಿ ಟೈಮಿಂಗ್ (ಕಿಡಿ ಹಾರುವ ಸಮಯ) ತಡ ಮಾಡಬೇಕೆ?

ಉತ್ತರ 1:
ಪ್ಲೇಟಿಗೆ ಕೈ ಹಾಕಬೇಡಿ. ಅದು ಥ್ರಾಟಲ್ ಜೊತೆಗೇ ತಿರುಗುವಂಥದ್ದು. ಅಲ್ಲಿ ಬದಲಿಸಿದರೆ ಎರಡೂ ಸಿಲಿಂಡರ್ ಒಟ್ಟಿಗೆ ಸರಿಯುತ್ತವೆ, ಕಾರ್ಬುರೇಟರ್ ಹೊಂದಾಣಿಕೆಯೂ ಕೆಡುತ್ತದೆ.

ಈ ಮ್ಯಾಗ್ನೆಟೊದಲ್ಲಿ ಗ್ಯಾಪೇ (ಪಾಯಿಂಟ್ ತೆರೆದಾಗಿನ ಸಂದು) ಟೈಮಿಂಗ್. ಪಾಯಿಂಟ್ ತೆರೆದ ಕ್ಷಣಕ್ಕೆ ಕಿಡಿ ಹಾರುತ್ತದೆ. ಗ್ಯಾಪ್ ಹೆಚ್ಚಿದ್ದರೆ ಕ್ಯಾಮ್ (ಕ್ರ್ಯಾಂಕ್ ಜೊತೆ ತಿರುಗಿ ಪಾಯಿಂಟನ್ನು ತಳ್ಳುವ ಭಾಗ) ಅದನ್ನು ಬೇಗ ತೆರೆಯುತ್ತದೆ, ಕಡಿಮೆಯಿದ್ದರೆ ತಡವಾಗಿ. ಹಗ್ಗ ಕಿತ್ತುಕೊಳ್ಳುವುದು ಕಿಡಿ ಮುಂಚೆ ಬರುವ ಲಕ್ಷಣ. ಈ ಸಣ್ಣ ಮೋಟಾರುಗಳಲ್ಲಿ ಸಾಮಾನ್ಯ ಗ್ಯಾಪ್ 0.020 ಇಂಚು, ಅಂದರೆ ಸುಮಾರು 0.5 ಮಿ.ಮೀ.

ಪ್ಲಗ್‌ಗಳನ್ನು ಬಿಚ್ಚಿ, ಪುಲ್ಲರ್ ಹಾಕಿ ಫ್ಲೈವೀಲ್ ತೆಗೆಯಿರಿ. ಸುತ್ತಿಗೆಯ ಏಟು ಕ್ರ್ಯಾಂಕ್ ಬೇರಿಂಗಿಗೂ ಆಯಸ್ಕಾಂತಗಳಿಗೂ ಕೆಟ್ಟದ್ದು. ನಟ್ ಮಾತ್ರ ವಾಪಸ್ ಹಾಕಿ, ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ. ಪಾಯಿಂಟ್ ಅತಿ ಹೆಚ್ಚು ತೆರೆದಿರುವಾಗಲೇ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಬೇಕು. ಸ್ಕ್ರೂ ಬಿಗಿಯುವಾಗ ಗ್ಯಾಪ್ ಸರಿದುಬಿಡುತ್ತದೆ, ಹಾಗಾಗಿ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಗೇಜಿನ ಎಣ್ಣೆ ಪಾಯಿಂಟಿಗೆ ಮೆತ್ತಿದರೆ ಕಿಡಿಯೇ ಬರದು. ಸ್ಪಿರಿಟ್ ತಾಗಿಸಿದ ಗಟ್ಟಿ ಕಾಗದವನ್ನು ಪಾಯಿಂಟ್ ನಡುವೆ ಎಳೆದು ಒರೆಸಿ. ಎಮರಿ ಕಾಗದ ಬೇಡ, ಅದರ ಪುಡಿ ಲೋಹದಲ್ಲಿ ಕೂತುಬಿಡುತ್ತದೆ.

ಪ್ರಶ್ನಿಸಿದವರು:
ಅಳೆದೆ ಸರ್. ಮೇಲಿನ ಸಿಲಿಂಡರಿನದು 0.65 ಮಿ.ಮೀ., ಕೆಳಗಿನದು 0.50. ಎರಡನ್ನೂ 0.50ಕ್ಕೆ ತಂದಿದ್ದೇನೆ. ತೆರೆಯುವ ಕ್ಷಣವನ್ನು ಮಲ್ಟಿಮೀಟರಿನಲ್ಲಿ ನೋಡಲು ಹೋದರೆ ಪಾಯಿಂಟ್ ತೆರೆದರೂ ಮುಚ್ಚಿದರೂ ಬೀಪ್ ಬರುತ್ತಲೇ ಇದೆ.

ಉತ್ತರ 1:
ಮೇಲಿನ ಸಿಲಿಂಡರ್ ಮುಂಚೆ ಹೊತ್ತಿಕೊಳ್ಳುತ್ತಿತ್ತು, ಅದೇ ಕಾರಣ. ಬೀಪ್ ನಿಲ್ಲದಿರುವುದು ಕಾಯಿಲಿನಿಂದ. ಪ್ರೈಮರಿ ಸುರುಳಿಯ ರೆಸಿಸ್ಟೆನ್ಸ್ ತೀರಾ ಕಡಿಮೆ, ಮೀಟರಿಗೆ ಅದು ಮುಚ್ಚಿದ ಪಾಯಿಂಟಿನಂತೆಯೇ ಕಾಣುತ್ತದೆ. ಕಾಯಿಲ್ ವೈರನ್ನು ಪಾಯಿಂಟಿನಿಂದ ಬಿಡಿಸಿ ನೋಡಿ.

ಉತ್ತರ 2:
ಫ್ಲೈವೀಲ್ ಹೊರಗಿರುವಾಗಲೇ ಇನ್ನೆರಡು ನೋಡಿಕೊಳ್ಳಿ. ಕ್ಯಾಮ್ ಬಿಡಿ ಭಾಗವಾಗಿದ್ದರೆ ‘ಟಾಪ್’ ಎಂದು ಬರೆದ ಬದಿ ಮೇಲಿರಬೇಕು, ತಲೆಕೆಳಗಾದರೆ ಗ್ಯಾಪ್ ಸರಿಯಿದ್ದೂ ಟೈಮಿಂಗ್ ತಪ್ಪುತ್ತದೆ. ಆಮೇಲೆ ಫ್ಲೈವೀಲ್ ಕೀ, ಅಂದರೆ ಫ್ಲೈವೀಲನ್ನು ಕ್ರ್ಯಾಂಕಿನ ಮೇಲೆ ಸರಿಯಾದ ಜಾಗದಲ್ಲಿ ಕೂರಿಸುವ ಸಣ್ಣ ಲೋಹದ ತುಂಡು. ಅದು ಅರ್ಧ ಕತ್ತರಿಸಿದ್ದು ಕ್ಯಾಮ್ ಕ್ರ್ಯಾಂಕಿನ ಮೇಲೇ ಇದ್ದರೆ ಪಾಯಿಂಟ್ ತೆರೆಯುವ ಸಮಯ ಬದಲಾಗದು, ಆದರೆ ಆಯಸ್ಕಾಂತಗಳು ಜಾಗ ತಪ್ಪಿ ಕಿಡಿ ಸೊರಗುತ್ತದೆ, ಫ್ಲೈವೀಲ್ ಮೇಲಿನ ಗುರುತನ್ನೂ ನಂಬುವಂತಿಲ್ಲ. ಕ್ಯಾಮ್ ಫ್ಲೈವೀಲಿಗೇ ಸೇರಿದ ಮೋಟಾರುಗಳಲ್ಲಾದರೆ ಟೈಮಿಂಗೇ ಜಾರುತ್ತದೆ.

ಪ್ರಶ್ನಿಸಿದವರು:
ಕೀ, ಕ್ಯಾಮ್ ಎರಡೂ ಸರಿಯಿವೆ. ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಹಾಕಿ, ಪಿಸ್ಟನ್ ಎಷ್ಟು ಮಿಲಿಮೀಟರ್ ಕೆಳಗಿದೆ ಎಂದು ಅಳೆದು ಟೈಮಿಂಗ್ ನೋಡಬಹುದೆ?

ಉತ್ತರ 2:
ಪ್ಲಗ್ ತೂತು ಪಿಸ್ಟನ್ನಿಗೆ ನೇರವಾಗಿದ್ದರೆ ಮಾತ್ರ. ಓರೆಯಾಗಿದ್ದರೆ ಗೇಜ್ ತಪ್ಪು ಓದುತ್ತದೆ; ಆಗ ಪಿಸ್ಟನ್ ಸ್ಟಾಪ್ (ಪಿಸ್ಟನ್ನನ್ನು ತಡೆಯುವ ಕಡ್ಡಿ) ಮತ್ತು ಡಿಗ್ರಿ ವೀಲ್ (ಕ್ರ್ಯಾಂಕಿಗೆ ಹಾಕುವ ಕೋನ ಅಳೆಯುವ ಚಕ್ರ) ಬಳಸಿ. ಸ್ಟಾಪಿಗೆ ಎರಡೂ ದಿಕ್ಕಿನಿಂದ ಮೆಲ್ಲಗೆ ತಾಗಿಸಿ, ಎರಡು ಓದುಗಳ ನಟ್ಟನಡುವೆ ಟಿಡಿಸಿ (ಪಿಸ್ಟನ್ ತೀರಾ ಮೇಲಿರುವ ಸ್ಥಾನ).

ಡಿಗ್ರಿಯನ್ನು ಮಿಲಿಮೀಟರಿಗೆ ತಿರುಗಿಸುವಾಗ ಸ್ಟ್ರೋಕ್ (ಪಿಸ್ಟನ್ ಮೇಲೆ-ಕೆಳಗೆ ಸಾಗುವ ದೂರ) ಜೊತೆಗೆ ಕನೆಕ್ಟಿಂಗ್ ರಾಡಿನ ಉದ್ದವೂ ಬೇಕು. ಸ್ಟ್ರೋಕ್ 50, ರಾಡ್ 100 ಮಿ.ಮೀ. ಇದ್ದರೆ ಟಿಡಿಸಿಗೆ 20 ಡಿಗ್ರಿ ಮುಂಚೆ ಪಿಸ್ಟನ್ ಸುಮಾರು 1.87 ಮಿ.ಮೀ. ಕೆಳಗಿರುತ್ತದೆ, 22 ಡಿಗ್ರಿಗೆ 2.26. ಅಂದರೆ 0.1 ಮಿ.ಮೀ. ತಪ್ಪಿದರೆ ಅರ್ಧ ಡಿಗ್ರಿ ಹೋಯಿತು. ಇದು ಲೆಕ್ಕ ತೋರಿಸಲು ಹೇಳಿದ್ದು, ನಿಮ್ಮ ಮಾಡೆಲಿನ ಡಿಗ್ರಿಯನ್ನು ಸರ್ವಿಸ್ ಮ್ಯಾನ್ಯುಯಲ್ಲಿನಿಂದಲೇ ತೆಗೆದುಕೊಳ್ಳಿ. ಫುಲ್ ಥ್ರಾಟಲಿನಲ್ಲಿ ಕಿಡಿ ಮುಂಚೆ ಬಂದರೆ ಡೆಟೊನೇಷನ್ (ಇಂಧನ ಸ್ಫೋಟದಂತೆ ಹೊತ್ತಿಕೊಳ್ಳುವುದು) ಆಗಿ ಪಿಸ್ಟನ್ ತಲೆ ಕರಗಬಹುದು. ಸಂದೇಹವಿದ್ದರೆ ಒಂದು ಡಿಗ್ರಿ ತಡವೇ ವಾಸಿ.

ಟೈಮಿಂಗ್ ಲೈಟ್ ಬಳಸುವುದಾದರೆ ಅದರ ಅಡ್ವಾನ್ಸ್ ಗುಂಡಿ ಸೊನ್ನೆಯಲ್ಲಿರಲಿ. ಫೋರ್-ಸ್ಟ್ರೋಕಿಗೆಂದು ಮಾಡಿದ ಲೈಟುಗಳು ಪ್ರತಿ ಸುತ್ತಿಗೂ ಕಿಡಿ ಕೊಡುವ ಟೂ-ಸ್ಟ್ರೋಕಿನಲ್ಲಿ ತಪ್ಪು ಲೆಕ್ಕ ಹಾಕುತ್ತವೆ. ಮೋಟಾರನ್ನು ನೀರಿನ ತೊಟ್ಟಿಯಲ್ಲೇ ಓಡಿಸಿ. ಒಣಗಿದ್ದಾಗ ಓಡಿಸಿದರೆ ವಾಟರ್ ಪಂಪಿನ ರಬ್ಬರ್ ಇಂಪೆಲ್ಲರ್ ಬೇಗನೆ ಸುಟ್ಟುಹೋಗುತ್ತದೆ.

ಉತ್ತರ 1:
ಫ್ಲೈವೀಲ್ ಹಾಕುವ ಮುನ್ನ ಕ್ರ್ಯಾಂಕಿನ ಟೇಪರನ್ನು (ಫ್ಲೈವೀಲ್ ಕೂರುವ ಇಳಿಜಾರು ತುದಿ) ಚೊಕ್ಕವಾಗಿ ಒರೆಸಿ. ಅಲ್ಲಿ ಎಣ್ಣೆ, ಗ್ರೀಸ್ ಏನೂ ಇರಕೂಡದು. ಹಿಡಿತ ಕೊಡುವುದು ಟೇಪರ್, ಕೀ ಬರೀ ಜಾಗ ತೋರಿಸುತ್ತದೆ. ನಟ್ಟನ್ನು ಟಾರ್ಕ್ ವ್ರೆಂಚಿನಿಂದ ಮ್ಯಾನ್ಯುಯಲ್ ಹೇಳಿದಷ್ಟು ಬಿಗಿಯಿರಿ. ಕೊನೆಗೆ ಥ್ರಾಟಲ್ ಮೆಲ್ಲಗೆ ತಿರುಗಿಸಿ ನೋಡಿ: ಪ್ಲೇಟ್ ಕೆಳಗಿನ ಥ್ರಾಟಲ್ ಕ್ಯಾಮಿನ (ಪಾಯಿಂಟಿನದಲ್ಲ) ಗುರುತು ಕಾರ್ಬುರೇಟರಿನ ರೋಲರಿನ ನಡುವಿಗೆ ಬಂದಾಗಲೇ ಕಾರ್ಬುರೇಟರ್ ತೆರೆಯತೊಡಗಬೇಕು.